ಪೋಸ್ಟರ್ ಮೇಲೆ ಹೆಸರು ಸಾಕಾಗಲ್ಲ, ವೋಚರ್ ಮೇಲೆ ಸಹಿ ಬೇಕು



ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ. ಓದಿ ಬೈದ್ರೂ ಪರವಾಗಿಲ್ಲ.

ಮೊನ್ನೆ ನಮ್ಮ ಗ್ರೂಪಿನಲ್ಲಿ ಒಬ್ಬ ಹುಡುಗ ಒಂದು ಫೋಟೊ ಹಾಕಿದ್ದ. ಕೆಜಿಎಫ್ ಸಿನಿಮಾಕ್ಕೆ ಎಕ್ಸಿಕ್ಯೂಟಿವ್ ಪ್ರೊಡ್ಯೂಸರ್ ಆಗಿದ್ದ ಕಾರ್ತಿಕ್ ಗೌಡ ಅವರದು. "ಮ್ಯಾನೇಜರ್ ಆಗಿದ್ದೋರು ಮಾಲೀಕ ಆದ್ರು, ಸ್ಫೂರ್ತಿ ಅಂದ್ರೆ ಇದು" ಅಂತ ಕೆಳಗೆ ಬರೆದಿದ್ದ. ಹತ್ತಿಪ್ಪತ್ತು ಜನ ಚಪ್ಪಾಳೆ ಒತ್ತಿದ್ರು. ನಾನೂ ಒತ್ತೋಕೆ ಹೋದೆ, ಕೈ ನಿಂತಿತು. ಯಾಕೆ ನಿಂತಿತು ಅಂತ ಹೇಳೋದಕ್ಕೇ ಈ ಪೋಸ್ಟ್.

ಮೊದಲೇ ಹೇಳಿಬಿಡ್ತೀನಿ. ಆ ಮನುಷ್ಯನ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಹೊಂಬಾಳೆ ಫಿಲಂಸ್‌ನಲ್ಲಿ ಕೆಜಿಎಫ್‌ನಂಥ ಸಿನಿಮಾದ ಹೊಣೆ ಹೊತ್ತು, ಯೋಗಿ ಜಿ. ರಾಜ್ ಅವರ ಜೊತೆ ಸೇರಿ ಕೆಆರ್‌ಜಿ ಸ್ಟುಡಿಯೋಸ್ ಕಟ್ಟಿ, ವಿತರಣೆ ಮಾಡಿ, ಆಮೇಲೆ ತಾವೇ ನಿರ್ಮಾಪಕರಾದದ್ದು ಸಣ್ಣ ಕೆಲಸ ಅಲ್ಲ. ಅವರ ಜಾತಿ ಯಾವುದು ಅನ್ನೋದು ನನಗೆ ಬೇಡದ ವಿಷಯ. ನಾನು ಮಾತಾಡ್ತಿರೋದು ಅವರು ಹತ್ತಿದ ಏಣಿಯ ಬಗ್ಗೆ. ಆ ಏಣಿಯ ಮೊದಲ ಮೆಟ್ಟಿಲು ನಮ್ಮ ಕೇರಿಯಿಂದ ಎಷ್ಟು ದೂರ ಐತೆ ಅನ್ನೋದರ ಬಗ್ಗೆ.

ಮೊದಲು, ಈ ಎಕ್ಸಿಕ್ಯೂಟಿವ್ ಪ್ರೊಡ್ಯೂಸರ್ ಅಂದ್ರೆ ಯಾರು? ದುಡ್ಡು ಹಾಕೋನು ಪ್ರೊಡ್ಯೂಸರ್. ಆ ದುಡ್ಡನ್ನ ನಡೆಸೋನು ಇವನು. ಎಷ್ಟು ದಿನ ಶೂಟಿಂಗ್, ಯಾವ ಊರಲ್ಲಿ, ಯಾರಿಗೆ ಎಷ್ಟು ಅಡ್ವಾನ್ಸ್, ಯಾರಿಗೆ ಬಾಟಾ, ಯಾವ ಬಿಲ್ ಪಾಸ್, ಯಾವ ಬಿಲ್ ವಾಪಸ್. ನಾನು ಗುಮಾಸ್ತ, ನನಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ಆಫೀಸಿನಲ್ಲಿ ಸಾಹೇಬರ ಹೆಸರು ಬೋರ್ಡ್ ಮೇಲೆ ಇರುತ್ತೆ, ಫೈಲು ಮಾತ್ರ ಯಾವ ಟೇಬಲ್ಲಿಂದ ಹೊರಡುತ್ತೋ ಅಲ್ಲೇ ಅದರ ಹಣೆಬರಹ ಬರೆದಾಗಿರುತ್ತೆ. ಸಿನಿಮಾದಲ್ಲೂ ಹಾಗೇ. ಜನ ಹೀರೋ ನೋಡ್ತಾರೆ, ನಾಲ್ಕು ಜನ ಡೈರೆಕ್ಟರ್ ಹೆಸರು ಕೇಳ್ತಾರೆ. ಯಾವ ಕಥೆ ಫೈಲ್ ಆಗಬೇಕು, ಯಾವುದು ಕಸದ ಬುಟ್ಟಿಗೆ ಹೋಗಬೇಕು ಅಂತ ತೀರ್ಮಾನ ಮಾಡೋ ಟೇಬಲ್ಲು ಯಾರ ಕಣ್ಣಿಗೂ ಬೀಳಲ್ಲ.

ಈಗ ಆ ಟೇಬಲ್ಲಿಂದ ಹೊರಟ ಫೈಲುಗಳನ್ನ ಒಂದೊಂದಾಗಿ ನೋಡೋಣ.

ಮೊದಲನೇದು ಕೆಜಿಎಫ್. ಮೊದಲ ಭಾಗ ಬಂದದ್ದು 2018ರ ಡಿಸೆಂಬರ್ 21ಕ್ಕೆ. ಹೊಸಪೇಟೆಗೆ ಹೋಗಿ ಎರಡು ಸಲ ನೋಡಿದ್ದೀನಿ, ಶಿಳ್ಳೆನೂ ಹೊಡೆದಿದ್ದೀನಿ. ಸುಳ್ಳು ಯಾಕೆ ಹೇಳಲಿ. ಗಣಿ ಊರಿನವನು ನಾನು. ತೆರೆ ಮೇಲೆ ಧೂಳು ಮೆತ್ತಿದ ಮುಖಗಳು ಬಂದಾಗ ಎದೆ ಒಳಗೆ ಏನೋ ಆಯ್ತು. 2003ರಿಂದ 2011ರವರೆಗೆ ನಮ್ಮ ಸಂಡೂರು, ಹೊಸಪೇಟೆ ಕಡೆ ಅದಿರಿನ ಲಾರಿಗಳು ಹಗಲು ರಾತ್ರಿ ಓಡಿದ ಕಾಲ ನೋಡಿದೋರಿಗೆ ಆ ಮುಖ ಹೊಸದಲ್ಲ. ಸುತ್ತಿಗೆ ಹಿಡಿದು ಅದಿರು ಒಡೆದ ಹೆಣ್ಣುಮಕ್ಕಳು, ಜೊತೆಗೆ ಅವರ ಮಕ್ಕಳು. ಅವರೆಲ್ಲ ಯಾವ ಕೇರಿಯೋರು ಅಂತ ನಿಮಗೂ ಗೊತ್ತು, ನನಗೂ ಗೊತ್ತು. 2011ರ ಜುಲೈ 27ಕ್ಕೆ ಲೋಕಾಯುಕ್ತ ವರದಿ ಬಂತು, 29ಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆ ನಿಲ್ಲಿಸಿತು. ಲೂಟಿ ಹೊಡೆದೋರ ಕಥೆ ಪೇಪರಿನಲ್ಲಿ ವರ್ಷಗಟ್ಟಲೆ ಬಂತು. ಕೆಲಸ ಹೋದೋರ ಕಥೆ ಎಲ್ಲಿ ಬಂತು?

ಹಂಗಾಗಿ ಕೆಜಿಎಫ್ ನೋಡಿ ಹೊರಗೆ ಬಂದಾಗ, ಇದರಲ್ಲಿ ನಮ್ಮೋರು ಎಲ್ಲಿದ್ದಾರೆ ಅಂತ ಹುಡುಕಿದೆ. ಇದ್ದರು. ಸರಪಳಿಯಲ್ಲಿ, ಸಾವಿರ ಜನ ಗುಂಪಿನಲ್ಲಿ, ಹೊರಗಿನಿಂದ ಒಬ್ಬ ಬಂದು ಬಿಡುಗಡೆ ಮಾಡ್ತಾನೆ ಅಂತ ಕಾಯ್ತಾ.

ನಿಜವಾದ ಕೋಲಾರ ಚಿನ್ನದ ಗಣಿಯಲ್ಲಿ ಆದದ್ದು ಬೇರೆ. 1880ರ ಹೊತ್ತಿಗೆ ಜಾನ್ ಟೇಲರ್ ಕಂಪನಿ ಗಣಿ ಶುರು ಮಾಡಿದಾಗ ಭೂಮಿ ಒಳಗೆ ಇಳಿದೋರಲ್ಲಿ ದೊಡ್ಡ ಪಾಲು ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬಂದ ದಲಿತರು. ಊರಿನ ಜೀತಕ್ಕಿಂತ ಪಾತಾಳವೇ ವಾಸಿ ಅಂತ ಬಂದೋರು. ಚಾಂಪಿಯನ್ ರೀಫ್‌ನ ಆಳ ಮೂರು ಕಿಲೋಮೀಟರ್ ದಾಟಿತ್ತು. ಬಂಡೆ ಸಿಡಿದು ಸತ್ತೋರು, ಧೂಳು ತುಂಬಿ ಶ್ವಾಸಕೋಶ ಕಲ್ಲಾಗಿ ಸತ್ತೋರು. ಆದ್ರೆ ಅವರು ಯಾವ ರಾಕಿಗೂ ಕಾಯಲಿಲ್ಲ ನೋಡ್ರಿ. 1930ರಲ್ಲಿ ಕಂಪನಿ ಬೆರಳಚ್ಚು ತಗೊಂಡು ನೋಂದಣಿ ಮಾಡ್ತೀವಿ ಅಂದಾಗ, ನಾವೇನು ಕಳ್ಳರಾ ಅಂತ ಗಣಿಯನ್ನೇ ನಿಲ್ಲಿಸಿದೋರು ಅವರು. ಓದಿದರು, ಸಂಘ ಕಟ್ಟಿದರು, ರಿಪಬ್ಲಿಕನ್ ಪಾರ್ಟಿಯೋರನ್ನ ಗೆಲ್ಲಿಸಿ ವಿಧಾನಸಭೆಗೆ ಕಳಿಸಿದರು. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಇವತ್ತು ಅವರ ಮಕ್ಕಳು, ಮೊಮ್ಮಕ್ಕಳು ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ವಾಪಸ್ ಬರ್ತಾರೆ.

ಸಿನಿಮಾದೋರು ಅದೇ ಊರಿನ ಸೈನೈಡ್ ದಿಬ್ಬಗಳ ಮೇಲೆ ಸೆಟ್ ಹಾಕಿದ್ರು. ಹೆಸರು ಅದೇ ಊರಿನದು, ಧೂಳೂ ಅದೇ ಊರಿನದು. ಜನರ ಚರಿತ್ರೆಯನ್ನ ಮಾತ್ರ ಅಲ್ಲೇ ಬಿಟ್ಟು ಬಂದ್ರು. ಎರಡನೇ ಭಾಗ ಬಿಡುಗಡೆ ಆದದ್ದು 2022ರ ಏಪ್ರಿಲ್ 14ಕ್ಕೆ. ಯಾವ ದಿನ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಾವು ಬಾಬಾಸಾಹೇಬರ ಮೆರವಣಿಗೆ ತೆಗೀತಾ ಇದ್ವಿ, ನಮ್ಮ ಹುಡುಗರಲ್ಲಿ ಅರ್ಧ ಜನ ಟಾಕೀಸಿನ ಮುಂದೆ ಇದ್ರು. ಸರ್ಕಾರಿ ರಜೆ, ಕಲೆಕ್ಷನ್ ಚೆನ್ನಾಗಿರುತ್ತೆ ಅನ್ನೋ ಲೆಕ್ಕ ಇದ್ದಿರಬಹುದು. ಸಾವಿರ ಕೋಟಿ ದಾಟಿತು. ಅಂಬೇಡ್ಕರ್ ಜಯಂತಿಯ ರಜೆ, ದಲಿತರ ಗಣಿಯ ಹೆಸರು, ದಲಿತ ಹುಡುಗರ ಟಿಕೆಟ್ ದುಡ್ಡು. ಲೆಕ್ಕದ ಟೇಬಲ್ಲಿನಲ್ಲಿ ಮಾತ್ರ ನಮ್ಮೋರು ಯಾರೂ ಇಲ್ಲ.

ಇದು ಅವರು ಇನ್ನೊಬ್ಬರ ಕಂಪನಿಯಲ್ಲಿದ್ದಾಗಿನ ಸಿನಿಮಾ. ಕಥೆ ಅವರದಲ್ಲ, ದುಡ್ಡು ಅವರದಲ್ಲ. ಸರಿ, ಒಪ್ಪೋಣ. ತಾವೇ ನಿರ್ಮಾಪಕರಾದ ಮೇಲೆ?

ಕೆಆರ್‌ಜಿಯ 'ರತ್ನನ್ ಪ್ರಪಂಚ' 2021ರಲ್ಲಿ ಒಟಿಟಿಗೆ ಬಂತು. ಹೆತ್ತ ತಾಯಿಯನ್ನ ಹುಡುಕಿಕೊಂಡು ಹೊರಡೋನ ಕಥೆ. ಚೆನ್ನಾಗಿತ್ತು, ಉಮಾಶ್ರೀ ಅಮ್ಮನ ಅಭಿನಯ ನೋಡಿ ನಮ್ಮ ಮನೆಯಲ್ಲಿ ಎಲ್ಲರೂ ಅತ್ತರು. 2024ರಲ್ಲಿ 'ಪೌಡರ್' ಬಂತು, ನಗಿಸೋ ಸಿನಿಮಾ, ಅದರ ಬಗ್ಗೆ ನಂದೇನೂ ತಕರಾರಿಲ್ಲ. ನಡುವೆ 2023ರ ಮಾರ್ಚ್‌ನಲ್ಲಿ ಬಂತಲ್ಲ 'ಗುರುದೇವ್ ಹೊಯ್ಸಳ', ಅದರ ಹತ್ರ ನಿಲ್ಲಬೇಕು.

ಯಾಕಂದ್ರೆ ಅದರ ಒಳಗಿನ ವಿಷಯ ಜಾತಿ. ಜಾತಿ ಮೀರಿ ಪ್ರೀತಿಸಿದೋರನ್ನ ಕೊಲ್ಲೋ ಮರ್ಯಾದೆಗೇಡು ಹತ್ಯೆ. ಕನ್ನಡದ ದೊಡ್ಡ ಬ್ಯಾನರಿನ ಒಂದು ಕಮರ್ಷಿಯಲ್ ಸಿನಿಮಾ ಆ ಮಾತು ಎತ್ತಿತಲ್ಲ ಅಂತ ನಾನು ಖುಷಿಪಟ್ಟೋನೇ. ಈಗಲೂ ಅದನ್ನ ಕಡಿಮೆ ಮಾಡಿ ಹೇಳಲ್ಲ. ಆದ್ರೆ ಕಥೆ ಯಾರ ಹೆಗಲ ಮೇಲೆ ಹೋಗುತ್ತೆ? ಬೆಳಗಾವಿ ಕಡೆಗೆ ಬಂದ ಪೊಲೀಸ್ ಅಧಿಕಾರಿಯ ಹೆಗಲ ಮೇಲೆ. ಸಾಯೋರು ನಮ್ಮಂಥೋರು, ಸಿಟ್ಟು ಬರೋದು ಯೂನಿಫಾರ್ಮ್ ಹಾಕಿದೋನಿಗೆ. ನಮ್ಮ ಸಾವು ಅವನು ಹೀರೋ ಆಗೋಕೆ ಒಂದು ಕಾರಣ.

ಸ್ವಾಮಿ, ಅಟ್ರಾಸಿಟಿ ಕೇಸು ದಾಖಲಿಸೋಕೆ ಸ್ಟೇಷನ್ ಮುಂದೆ ಕೂತೋರು ಈ ಪೋಸ್ಟ್ ಓದೋರಲ್ಲಿ ಎಷ್ಟು ಜನ ಇದ್ದೀರಿ, ಕೈ ಎತ್ತಿ. ದೂರು ತಗೊಳ್ಳೋಕೆ ಎಷ್ಟು ಹೊತ್ತು ಕಾಯಿಸಿದ್ರು, ಎದುರಿನೋರಿಂದ ಕೌಂಟರ್ ಕೇಸು ಎಷ್ಟು ಬೇಗ ತಗೊಂಡ್ರು, ರಾಜಿ ಆಗಿ ಅಂತ ಎಷ್ಟು ಜನ ಬಂದು ಹೇಳಿದ್ರು. ಆ ಟೇಬಲ್ಲಿನಲ್ಲಿ ನಮ್ಮ ಒಬ್ಬ ಮನುಷ್ಯ ಕೂತಿದ್ದಿದ್ರೆ, "ಸಾರ್, ಈ ಕಥೆಯಲ್ಲಿ ಪೊಲೀಸ್ ಹೀರೋ ಆಗೋದು ನಮ್ಮೂರಲ್ಲಿ ಯಾರೂ ನಂಬಲ್ಲ" ಅಂತ ಒಂದು ಮಾತು ಹೇಳ್ತಿದ್ದ. ಕೇಳ್ತಿದ್ರೋ ಇಲ್ಲವೋ ಬೇರೆ ಮಾತು. ಹೇಳೋನು ಒಬ್ಬ ಇರ್ತಿದ್ದ.

ಪಕ್ಕದ ತಮಿಳುನಾಡು ನೋಡ್ರಿ. ಪಾ. ರಂಜಿತ್ ಡೈರೆಕ್ಟರ್ ಆಗಿ ಹೆಸರು ಮಾಡಿದ ಮೇಲೆ ಸುಮ್ಮನೆ ಇನ್ನೊಬ್ಬರ ದುಡ್ಡಿಗೆ ಸಿನಿಮಾ ಮಾಡ್ಕೊಂಡು ಇರಲಿಲ್ಲ. ನೀಲಂ ಪ್ರೊಡಕ್ಷನ್ಸ್ ಕಟ್ಟಿದ್ರು. 2018ರಲ್ಲಿ ಆ ಕಂಪನಿಯ ಟೇಬಲ್ಲಿಂದ ಹೊರಟ ಫೈಲೇ 'ಪರಿಯೇರುಂ ಪೆರುಮಾಳ್'. ಮಾರಿ ಸೆಲ್ವರಾಜ್ ಅನ್ನೋ ಹೊಸ ಹುಡುಗನ ಮೊದಲ ಸಿನಿಮಾ. ಅದರಲ್ಲೂ ಜಾತಿ ಐತೆ, ಕೊಲೆಗಾರ ಇದ್ದಾನೆ. ಕಾಪಾಡೋಕೆ ಯಾವ ಪೊಲೀಸೂ ಬರಲ್ಲ. ಏಟು ತಿಂದ ಹುಡುಗನೇ ಎದ್ದು ನಿಂತು ಎದುರಿನೋನ ಕಣ್ಣಲ್ಲಿ ಕಣ್ಣಿಟ್ಟು ಮಾತಾಡ್ತಾನೆ. ಕೊನೆಗೆ ಎರಡು ಟೀ ಗ್ಲಾಸು. ಇಷ್ಟೇ. 2024ರಲ್ಲಿ ಅದೇ ರಂಜಿತ್, ಸ್ಟುಡಿಯೋ ಗ್ರೀನ್ ಜೊತೆ ನೀಲಂ ಸೇರಿಸಿಕೊಂಡು 'ತಂಗಲಾನ್' ಮಾಡಿದ್ರು. ಅದು ಯಾವ ಗಣಿಯ ಕಥೆ ಗೊತ್ತಲ್ಲ? ನಮ್ಮ ಕೋಲಾರದ್ದು! ನಮ್ಮ ರಾಜ್ಯದ ದಲಿತರ ಚರಿತ್ರೆಯನ್ನ ಚೆನ್ನೈ ಹೇಳಬೇಕಾಯ್ತು. ಆ ಸಿನಿಮಾ ಎಷ್ಟು ಚೆನ್ನಾಗಿತ್ತು, ಎಷ್ಟು ಓಡಿತು ಅನ್ನೋದು ನಂತರದ ಮಾತು. ಮರಾಠಿಯ 'ಸೈರಾಟ್' ಕೂಡ ಕನ್ನಡಕ್ಕೆ ರೀಮೇಕ್ ಆಗಿಯೇ ಬಂತು. ಜಾತಿಯ ಕಥೆಯನ್ನೂ ನಾವು ಹೊರಗಿಂದ ತರಿಸ್ತೀವಿ, ಇಲ್ಲಿ ಅದರ ಉತ್ಪಾದನೆಗೆ ಏನೋ ಕೊರತೆ ಇರೋ ಹಂಗೆ!

ಈಗ ಕಮೆಂಟಿನಲ್ಲಿ ಬರೋ ಮೂರು ಮಾತು ನನಗೆ ಮೊದಲೇ ಗೊತ್ತು. ಉತ್ತರ ಇಲ್ಲೇ ಕೊಟ್ಟುಬಿಡ್ತೀನಿ.

ಒಂದು: "ಜಾತಿ ಸಿನಿಮಾ ಓಡಲ್ಲ, ದುಡ್ಡು ಹಾಕೋನು ಯಾಕೆ ಹಾಕ್ತಾನೆ?" ಓಡಲ್ಲ ಅಂತ ಹೇಳಿದೋರು ಯಾರು? 2023ರ ಕೊನೆಗೆ ಬಂದ 'ಕಾಟೇರ' ಗೇಣಿ, ಭೂಸುಧಾರಣೆ, ಜಾತಿ ಎಲ್ಲಾ ಇಟ್ಟುಕೊಂಡೇ ಊರೂರಲ್ಲಿ ಓಡಿತು. ಜನಕ್ಕೆ ತಮ್ಮ ಕಥೆ ಬೇಡ ಅಂತ ಜನ ಯಾವತ್ತೂ ಹೇಳಿಲ್ಲ. ಟೇಬಲ್ಲಿನೋರು ಜನರ ಪರವಾಗಿ ಹೇಳ್ತಾರೆ.

ಎರಡು: "ಎಲ್ಲದರಲ್ಲೂ ಜಾತಿ ತರ್ತೀರಿ. ಟಾಕೀಸಿನ ಕತ್ತಲಲ್ಲಿ ಯಾವ ಜಾತಿ?" ಅಣ್ಣಾ, ಕಂಪ್ಲಿ ಸೇತುವೆ ದಾಟಿದ್ರೆ ಗಂಗಾವತಿ. ಆ ತಾಲ್ಲೂಕಿನ ಮರಕುಂಬಿ ನೆನಪಿದೆಯಾ? 2014ರ ಆಗಸ್ಟ್ 28. ಗಂಗಾವತಿ ಟಾಕೀಸಿನ ಹತ್ರ ಆದ ಒಂದು ಜಗಳ ನೆಪ. ಅದೇ ನೆಪದಲ್ಲಿ ದಲಿತರ ಕೇರಿಗೆ ನುಗ್ಗಿ ಗುಡಿಸಲಿಗೆ ಬೆಂಕಿ ಹಚ್ಚಿದ್ರು. ಕ್ಷೌರದಂಗಡಿ, ಹೋಟೆಲು ನಮಗೂ ತೆಗೀರಿ ಅಂತ ಆ ಜನ ಕೇಳಿದ್ದರ ಸಿಟ್ಟು ಅದರ ಹಿಂದೆ ಇತ್ತು. ಹತ್ತು ವರ್ಷ ಆದ ಮೇಲೆ, 2024ರ ಅಕ್ಟೋಬರ್‌ನಲ್ಲಿ ಕೊಪ್ಪಳ ಕೋರ್ಟ್ 98 ಜನಕ್ಕೆ ಜೀವಾವಧಿ ಶಿಕ್ಷೆ ಕೊಟ್ಟಿತು. ತಿಂಗಳು ಕಳೆಯೋದರೊಳಗೆ ಅವರಲ್ಲಿ ಬಹುಪಾಲು ಜನಕ್ಕೆ ಹೈಕೋರ್ಟಿನಲ್ಲಿ ಜಾಮೀನೂ ಸಿಕ್ಕಿತು. ಟಾಕೀಸಿನ ಕತ್ತಲಲ್ಲಿ ಜಾತಿ ಇಲ್ಲ ಅನ್ನೋರು ಒಂದು ಸಲ ಮರಕುಂಬಿಗೆ ಹೋಗಿ ಬರ್ರಿ.

ಮೂರು: "ಪ್ರತಿಭೆ ಇದ್ರೆ ಬನ್ನಿ, ಯಾರು ಬೇಡ ಅಂದ್ರು?" ಇದಕ್ಕೆ ನಮ್ಮ ಮನೆಯದೇ ಒಂದು ಸಂಗತಿ ಹೇಳಬೇಕು.

ನಮ್ಮ ಅಕ್ಕನ ಮಗ ಬಿ.ಕಾಂ. ಓದಿದೋನು. ಹಂಪಿ ಹತ್ರ ಶೂಟಿಂಗ್ ಬಂದಾಗಲೆಲ್ಲ ಪ್ರೊಡಕ್ಷನ್ ಕೆಲಸಕ್ಕೆ ಹೋಗಿ ಹೋಗಿ ಅದರ ಹುಚ್ಚು ಹಿಡಿಸಿಕೊಂಡ. "ಮಾವ, ನನಗೆ ಡೈರೆಕ್ಟರ್ ಆಗೋ ಆಸೆ ಇಲ್ಲ. ಲೆಕ್ಕ ನೋಡಿಕೊಂಡು ಮೇಲೆ ಬರ್ತೀನಿ, ಒಂದು ದಿನ ನಾನೇ ಸಿನಿಮಾ ಮಾಡ್ತೀನಿ" ಅಂದ. ಬೆಂಗಳೂರಿಗೆ ಹೋದ. ಒಂದು ಕಡೆ ಸೇರಿಸಿಕೊಂಡ್ರು. ಕೈಗೆ ಸಣ್ಣ ಖರ್ಚಿನ ದುಡ್ಡು, ಒಂದು ಲೆಕ್ಕದ ಪುಸ್ತಕ ಕೊಟ್ರು. ಹದಿನೈದು ದಿನ ಒಂದು ರೂಪಾಯಿ ಹೆಚ್ಚುಕಮ್ಮಿ ಆಗದಂಗೆ ಬರೆದ. ಒಂದು ದಿನ ಊಟದ ಹೊತ್ತಲ್ಲಿ ಒಬ್ಬರು ಊರು ಕೇಳಿದ್ರು, ಹೇಳಿದ. ಊರಲ್ಲಿ ಯಾವ ಕಡೆ ಮನೆ ಅಂದ್ರು, ಅದನ್ನೂ ಹೇಳಿದ. ಮಾರನೇ ದಿನ ಪುಸ್ತಕ ಇನ್ನೊಬ್ಬನ ಕೈಗೆ ಹೋಯ್ತು. ಇವನನ್ನ ವ್ಯಾನಿನ ಜೊತೆ ಟೀ, ನೀರಿನ ಕ್ಯಾನು ನೋಡಿಕೊಳ್ಳೋಕೆ ಹಾಕಿದ್ರು.

ಯಾರೂ ಬೈಯಲಿಲ್ಲ. ಯಾರೂ ತಟ್ಟೆ ಬೇರೆ ಇಡಲಿಲ್ಲ. ಅಟ್ರಾಸಿಟಿ ಕಾಯ್ದೆಯ ಯಾವ ಸೆಕ್ಷನ್ ಹಾಕೋಣ ಹೇಳಿ? ಲೆಕ್ಕದ ಪುಸ್ತಕ ವಾಪಸ್ ತಗೊಂಡ್ರು, ಅಷ್ಟೇ. ಈಗ ಅವನು ಇಲ್ಲೇ ಒಬ್ಬ ಕಾಂಟ್ರಾಕ್ಟರ್ ಹತ್ರ ಗೇಟ್ ಪಾಸ್ ಬರೀತಾನೆ. ಗ್ರೂಪಿನಲ್ಲಿ ಆ "ಸ್ಫೂರ್ತಿ" ಫೋಟೊ ಬಂದಾಗ ಅವನೂ ಚಪ್ಪಾಳೆ ಒತ್ತಿದ್ದ. ನನ್ನ ಕೈ ನಿಂತದ್ದು ಅವನ ಹೆಸರು ನೋಡಿ.

ನಂಬಿಕೆ ಅನ್ನೋದೇ ಈ ಏಣಿಯ ಮೊದಲ ಮೆಟ್ಟಿಲು. ದುಡ್ಡಿನ ಚೀಲ ಯಾರ ಕೈಗೆ ಕೊಡ್ತಾರೆ? ತಮ್ಮೋರು ಅನ್ನಿಸಿದೋರಿಗೆ. ತಮ್ಮೋರು ಅಂದ್ರೆ ನೆಂಟ, ನೆಂಟನ ಗೆಳೆಯ, ಊರಿನೋನು, ಕಾಲೇಜಿನೋನು. ಅಲ್ಲಿಂದ ಮ್ಯಾನೇಜರ್, ಅಲ್ಲಿಂದ ಎಕ್ಸಿಕ್ಯೂಟಿವ್, ಅಲ್ಲಿಂದ ಮಾಲೀಕ. ಒಂದೊಂದು ಮೆಟ್ಟಿಲೂ ನ್ಯಾಯವಾಗೇ ಕಾಣುತ್ತೆ. ಕೊನೆಗೆ ಮೇಲೆ ನೋಡಿದ್ರೆ ನಮ್ಮೋರು ಒಬ್ಬರೂ ಕಾಣಲ್ಲ.

"ಅದು ಖಾಸಗಿ ವ್ಯವಹಾರ, ನೀವು ಕೇಳೋಕೆ ಯಾರು?" ಅನ್ನೋರಿಗೆ: ಪೂರ್ತಿ ಖಾಸಗಿ ಏನಲ್ಲ ರೀ. ಸಬ್ಸಿಡಿ ಸರ್ಕಾರದ್ದು. 2025-26ರ ಬಜೆಟ್‌ನಲ್ಲಿ ಚಿತ್ರರಂಗಕ್ಕೆ ಉದ್ಯಮದ ಸ್ಥಾನಮಾನ ಘೋಷಿಸಿದ್ದು ಸರ್ಕಾರ. ಮೈಸೂರಿನಲ್ಲಿ 150 ಎಕರೆಯಲ್ಲಿ 500 ಕೋಟಿಯ ಚಿತ್ರನಗರಿ ಅಂದದ್ದು ಸರ್ಕಾರ, ಭೂಮಿ ಜನರದ್ದು. ಅದೇ ಬಜೆಟ್ ಟಿಕೆಟ್ಟಿಗೆ 200 ರೂಪಾಯಿ ಮಿತಿ ಅಂದಿತು. ಸೆಪ್ಟೆಂಬರ್‌ನಲ್ಲಿ ನಿಯಮ ಬಂದಾಗ ಅದರ ವಿರುದ್ಧ ಹೈಕೋರ್ಟಿಗೆ ಹೋದೋರಲ್ಲಿ ಮಲ್ಟಿಪ್ಲೆಕ್ಸ್ ಸಂಘದ ಜೊತೆ ಹೊಂಬಾಳೆ ಫಿಲಂಸ್ ಕೂಡ ಇತ್ತು. ತಡೆಯಾಜ್ಞೆ ಸಿಕ್ಕಿತು. ಗಣಿ ಕೂಲಿಗಳ ಕಥೆಯಲ್ಲಿ ಸಾವಿರ ಕೋಟಿ ಮಾಡಿದ ಕಂಪನಿಗೆ, ಕೂಲಿಯೋನು 200 ರೂಪಾಯಿಗೆ ಸಿನಿಮಾ ನೋಡೋದು ನಷ್ಟ ಅನ್ನಿಸಿತು. ಸರ್ಕಾರದ ಭೂಮಿ, ಸರ್ಕಾರದ ಸಬ್ಸಿಡಿ ಬಂದಾಗ ಇದು ಉದ್ಯಮ, ನಾವು ಕೇಳಿದಾಗ ಮಾತ್ರ ಇದು ಕಲೆ, ಖಾಸಗಿ!

ಈಗ ನಮ್ಮ ಕಡೆಗೂ ಒಂದು ಮಾತು. ಇದನ್ನ ಹೇಳದೇ ಹೋದ್ರೆ ನಾನು ಅರ್ಧ ಸುಳ್ಳುಗಾರ.

ನಮ್ಮ ಚಳವಳಿ ಹಾಡು ಕಟ್ಟಿತು, ಬೀದಿ ನಾಟಕ ಆಡಿತು, ದೊಡ್ಡ ಕವಿಗಳನ್ನ ಕೊಟ್ಟಿತು. ಆದ್ರೆ ಲೆಕ್ಕದ ಟೇಬಲ್ಲು ನಮಗೆ ಯಾವತ್ತೂ ಹೋರಾಟದ ಜಾಗ ಅನ್ನಿಸಲಿಲ್ಲ. ಸಿನಿಮಾದಲ್ಲಿ ನಮ್ಮನ್ನ ತಪ್ಪಾಗಿ ತೋರಿಸಿದ್ರೆ ಮನವಿ ಪತ್ರ ಕೊಡ್ತೀವಿ, ಪೋಸ್ಟ್ ಹಾಕ್ತೀವಿ, ಫೋಟೊ ತೆಗೆಸಿಕೊಂಡು ಬರ್ತೀವಿ. ನಾನೂ ಹತ್ತು ಸಲ ಮಾಡಿದ್ದೀನಿ. ಬಾಬಾಸಾಹೇಬರು ಏನು ಮಾಡಿದ್ರು? ದುಡ್ಡು ಕೊಡ್ತೀವಿ ಅಂದ್ರೂ 'ಕೇಸರಿ' ಪತ್ರಿಕೆ 'ಮೂಕನಾಯಕ'ದ ಜಾಹೀರಾತು ಹಾಕಲಿಲ್ಲ. ಅವರು ಅಳುತ್ತಾ ಕೂರಲಿಲ್ಲ. 1920ರ ಜನವರಿ 31ಕ್ಕೆ ತಮ್ಮ ಪತ್ರಿಕೆ ತಂದೇ ತಂದ್ರು. 1927ಕ್ಕೆ 'ಬಹಿಷ್ಕೃತ ಭಾರತ'. ಮುಂದೆ ಸ್ವಂತ ಪ್ರೆಸ್ಸೂ ಮಾಡಿದ್ರು. ಬರೆಯೋನು ನಾನಾದ್ರೆ ಸಾಲದು, ಅಚ್ಚು ಹಾಕೋ ಯಂತ್ರವೂ ನಮ್ಮದಾಗಬೇಕು ಅಂತ ಅವರಿಗೆ ಗೊತ್ತಿತ್ತು. ರೂಪಾಯಿಯ ಸಮಸ್ಯೆ ಮೇಲೆ ಪುಸ್ತಕ ಬರೆದ ಅರ್ಥಶಾಸ್ತ್ರಜ್ಞನ ಮಕ್ಕಳು ನಾವು, ಲೆಕ್ಕಕ್ಕೆ ಹೆದರೋದಾ?

ಹಂಗಾಗಿ ಬೇಡಿಕೆ ಸ್ಪಷ್ಟವಾಗಿ ಇಡ್ತಾ ಇದ್ದೀನಿ. ತಾಲ್ಲೂಕು ಸಮಿತಿಗಳಲ್ಲಿ ಚರ್ಚೆ ಮಾಡಿ, ತಿದ್ದೋದಿದ್ರೆ ತಿದ್ದಿ.

ಸರ್ಕಾರಕ್ಕೆ: ಎಸ್‌ಸಿಎಸ್‌ಪಿ, ಟಿಎಸ್‌ಪಿ ಕಾಯ್ದೆ 2013ರಿಂದ ಐತೆ. ನಮ್ಮ ಹುಡುಗರಿಗೆ ಟ್ಯಾಕ್ಸಿಗೆ, ಗೂಡ್ಸ್ ಗಾಡಿಗೆ ಸಾಲ ಕೊಡ್ತೀರಿ, ಸಂತೋಷ. ಯಾವಾಗಲೂ ಓಡಿಸೋ ಕೆಲಸಕ್ಕೇ ಯಾಕೆ? ಚಿತ್ರ ನಿರ್ಮಾಣ, ವಿತರಣೆ, ಪ್ರೊಡಕ್ಷನ್ ಲೆಕ್ಕ ಕಲಿಸೋ ತರಬೇತಿಗೆ, ಮೊದಲ ಸಿನಿಮಾದ ಬಂಡವಾಳಕ್ಕೆ ಅದರಲ್ಲಿ ಪಾಲು ಇಡಿ. ಮೈಸೂರಿನ ಚಿತ್ರನಗರಿಯಲ್ಲಿ ಪರಿಶಿಷ್ಟ ಜಾತಿ, ಪಂಗಡದ ನಿರ್ಮಾಪಕರಿಗೆ ಜಾಗ ಮೀಸಲಿಡಿ. ಸಬ್ಸಿಡಿ ಪಡೆದ ಸಿನಿಮಾಗಳ ನಿರ್ಮಾಪಕರಲ್ಲಿ ನಮ್ಮೋರು ಎಷ್ಟು ಜನ, ಪಟ್ಟಿ ಹಾಕಿ.

ಕಾರ್ತಿಕ್ ಗೌಡ ಅವರಿಗೆ, ಅವರಂಥ ಎಲ್ಲ ನಿರ್ಮಾಪಕರಿಗೆ: ಸಾರ್, ಒಬ್ಬ ಕೆಲಸಗಾರ ಮಾಲೀಕ ಆಗೋದು ಹೇಗೆ ಅಂತ ನಿಮಗಿಂತ ಚೆನ್ನಾಗಿ ಗೊತ್ತಿರೋರು ಕಡಿಮೆ. ಒಬ್ಬರು ನಿಮ್ಮ ಕೈಗೆ ದೊಡ್ಡ ಲೆಕ್ಕ ಕೊಟ್ಟು ನಂಬಿದ್ರು, ನೀವು ಬೆಳೆದ್ರಿ. ಅದೇ ನಂಬಿಕೆಯನ್ನ ನಮ್ಮ ಕೇರಿಯ ಇಬ್ಬರ ಮೇಲೆ ಇಡಿ. ಒಬ್ಬ ಹುಡುಗ, ಒಬ್ಬ ಹುಡುಗಿ. ಸಂಬಳ ಕೊಟ್ಟು, ಲೆಕ್ಕದ ಪುಸ್ತಕ ಕೊಟ್ಟು. ಊರು ಕೇಳಿ, ಪರವಾಗಿಲ್ಲ. ಕೇಳಿದ ಮೇಲೂ ಪುಸ್ತಕ ವಾಪಸ್ ತಗೋಬೇಡಿ.

ನಮ್ಮೋರಿಗೆ: ಕಾಮರ್ಸ್ ಓದಿದ ನಮ್ಮ ಮಕ್ಕಳನ್ನ ಬರೀ ಬ್ಯಾಂಕ್ ಪರೀಕ್ಷೆಗೆ ದೂಡಬೇಡಿ. ನಮ್ಮಲ್ಲಿ ಹಾಡೋರು, ಬರೆಯೋರು ಬೇಕಾದಷ್ಟಿದ್ದಾರೆ. ಬಜೆಟ್ ಹಾಕೋಕೆ ಬರೋರನ್ನ ಹುಡುಕ್ರಿ. ಈ ಏಪ್ರಿಲ್ 14ಕ್ಕೆ ಡಿಜೆ, ಕಟೌಟ್‌ಗೆ ಹೋಗೋ ದುಡ್ಡಲ್ಲಿ ಕಾಲುಭಾಗ ಎತ್ತಿಟ್ಟು, ಸಂಡೂರು, ಹೊಸಪೇಟೆ, ಕಂಪ್ಲಿ ಮೂರೂ ಕಡೆಯೋರು ಸೇರಿ ಒಂದು ಕಿರುಚಿತ್ರ ಮಾಡೋಣ. ಅದಿರು ಒಡೆದ ನಮ್ಮ ಅವ್ವಂದಿರು ಇನ್ನೂ ಬದುಕಿದ್ದಾರೆ, ಕಥೆ ಅವರ ಬಾಯಲ್ಲೇ ಐತೆ. ಆ ಚಿತ್ರದ ಮೊದಲ ವೋಚರ್ ಬರೆಯೋನು ನನ್ನ ಅಕ್ಕನ ಮಗ, ಅವನ ಹತ್ರ ನಿನ್ನೆಯೇ ಒಪ್ಪಿಗೆ ತಗೊಂಡಿದ್ದೀನಿ. ನನ್ನ ಪಾಲು ಐದು ಸಾವಿರ. ಸಂಬಳ ಬಂದ ದಿನ ಕೊಡ್ತೀನಿ. ಉಳಿದೋರು ಎಷ್ಟು ಅಂತ ಕೆಳಗೆ ಬರೀರಿ.

ಆ ದಿನ ನಮ್ಮ ಹುಡುಗನ ಫೋಟೊ ಗ್ರೂಪಿಗೆ ಹಾಕ್ರಿ. ಮೊದಲ ಚಪ್ಪಾಳೆ ನಂದು.

ಜೈ ಭೀಮ್.